ಯಂತ್ರಕಲಿಕೆ, ಔಷಧ ವಿಜ್ಞಾನ ಪದವಿ ಬೋಧನೆಯಲ್ಲಿ
ಅಣುಗಳ ದತ್ತಾಂಶದಿಂದ ಅವುಗಳ ಔಷಧಗುಣವನ್ನು ಅಂದಾಜಿಸುವ ಗಣಕ ವಿಧಾನಗಳನ್ನು ಬಿ.ಫಾರ್ಮ. ಹಂತದ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ. ಈ ವಿಧಾನಗಳ ಬೇರು 1960ರ ದಶಕದಲ್ಲಿ ಕಾರ್ವಿನ್ ಹ್ಯಾನ್ಶ್ ರೂಪಿಸಿದ ರಚನೆ-ಕ್ರಿಯೆ ಸಮೀಕರಣಗಳಲ್ಲಿದೆ. ಭಾರತದ ಪಠ್ಯಕ್ರಮದಲ್ಲಿ ಎಂಟನೇ ಸೆಮಿಸ್ಟರಿನ ಐಚ್ಛಿಕ ವಿಷಯವಾದ ಗಣಕನೆರವಿನ ಔಷಧ ವಿನ್ಯಾಸ ಈ ಬೋಧನೆಗೆ ಸಹಜ ನೆಲೆ.

ಔಷಧ ರಸಾಯನಶಾಸ್ತ್ರದಲ್ಲಿ ವಿದ್ಯಾರ್ಥಿಗೆ ಪರಿಚಿತವಾದ ಅಣುತೂಕ, ಎಣ್ಣೆ-ನೀರಿನ ಹಂಚಿಕೆ, ಹೈಡ್ರೋಜನ್ ಬಂಧಗಳ ಎಣಿಕೆಗಳೇ ಯಂತ್ರಕಲಿಕೆಯ ಮಾದರಿಗೆ ಕೊಡುವ ಅಂಕಿಗಳು. ಪ್ರಚಲಿತ ಅಭ್ಯಾಸವೊಂದರಲ್ಲಿ, ಡೆಲಾನಿ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ದತ್ತಾಂಶದ ಸುಮಾರು 1,100 ಸಂಯುಕ್ತಗಳನ್ನು ಬಳಸಿ, ಪೈಥಾನ್ ಭಾಷೆ ಮತ್ತು ಆರ್‌ಡಿಕಿಟ್ ತಂತ್ರಾಂಶದ ನೆರವಿನಿಂದ, ನೀರಿನಲ್ಲಿ ಕರಗುವಿಕೆಯನ್ನು ಅಂದಾಜಿಸಲಾಗುತ್ತದೆ. ಕಲಿಕೆಗೆ ಬಳಸದ ಅಣುಗಳ ಮೇಲೆಯೇ ಮಾದರಿಯನ್ನು ಒರೆಹಚ್ಚಬೇಕೆಂಬುದು ಮುಖ್ಯ ಪಾಠ. ಕಲಿಕೆಯ ಮತ್ತು ಪರೀಕ್ಷೆಯ ಗುಂಪುಗಳೆರಡರಲ್ಲೂ ಒಂದೇ ಬಗೆಯ ಅಣುಗಳಿದ್ದರೆ ಫಲಿತಾಂಶ ಸುಳ್ಳು ಭರವಸೆ ಕೊಡುತ್ತದೆ. ಔಷಧ ಕ್ಷೇತ್ರದಲ್ಲಿ ಅದರ ಬೆಲೆ ತೆರುವವನು ರೋಗಿ.