ರೋಮನ್ ಚಿನ್ನದ ನಾಣ್ಯ: ಮೊಗ, ಮೊಸಳೆ, ಉಳಿಯ ಗಾಯ

ರೋಮ್ ಗಣರಾಜ್ಯದಲ್ಲಿ ದಿನಬಳಕೆಯ ವ್ಯವಹಾರವೆಲ್ಲ ಬೆಳ್ಳಿ ಮತ್ತು ಕಂಚಿನ ನಾಣ್ಯಗಳಲ್ಲಿ ನಡೆಯುತ್ತಿದ್ದು, ಚಿನ್ನದ ನಾಣ್ಯವಾದ ‘ಔರಿಯಸ್’ ಅಪರೂಪಕ್ಕೆ ಮಾತ್ರ ಟಂಕಸಾಲೆಯಿಂದ ಹೊರಬರುತ್ತಿತ್ತು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರನು ಒಂದು ರೋಮನ್ ಪೌಂಡು ಚಿನ್ನಕ್ಕೆ 40ರಂತೆ, ಅಂದರೆ ತಲಾ ಸುಮಾರು 8 ಗ್ರಾಂ ತೂಕದಲ್ಲಿ, ಅದನ್ನು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದ ಮೇಲೆ ಆ ಸ್ಥಿತಿ ಬದಲಾಯಿತು. 25 ಬೆಳ್ಳಿಯ ದಿನಾರಿಯಸ್‌ಗಳಿಗೆ ಸಮನಾಗಿದ್ದ ಈ ನಾಣ್ಯ ಸೇನಾಪತಿಗಳ, ಅಧಿಕಾರಿಗಳ, ಸಿರಿವಂತರ ಕೈಗಳಲ್ಲಿಯೇ ಹೆಚ್ಚಾಗಿ ಓಡಾಡುತ್ತಿದ್ದುದರಿಂದ, ಅದರ ಮೇಲಿನ ಚಿತ್ರವು ಯಾರ ನಿಷ್ಠೆ ಆಳುವವನಿಗೆ ಅತ್ಯಗತ್ಯವೋ ಅವರನ್ನೇ ತಲುಪುತ್ತಿತ್ತು.

ಸೀಸರನ ಹತ್ಯೆಯ ಬಳಿಕ, ಕ್ರಿ.ಪೂ. 42ರ ಹೊತ್ತಿಗೆ, ಹಂತಕರಲ್ಲೊಬ್ಬನಾದ ಬ್ರೂಟಸ್ ಹೊರಡಿಸಿದ ನಾಣ್ಯವು ಈ ಚಿತ್ರಭಾಷೆಯ ಅತ್ಯಂತ ದಿಟ್ಟ ಉದಾಹರಣೆ. ಅದರ ಹಿಂಬದಿಯಲ್ಲಿ ಎರಡು ಕಠಾರಿಗಳ ನಡುವೆ, ದಾಸ್ಯದಿಂದ ಬಿಡುಗಡೆ ಪಡೆದವರು ಧರಿಸುತ್ತಿದ್ದ ‘ಪಿಲಿಯಸ್’ ಎಂಬ ಟೊಪ್ಪಿಗೆಯಿದ್ದು, ಕೆಳಗೆ ಹತ್ಯೆ ನಡೆದ ಮಾರ್ಚ್ 15ನ್ನು ಸೂಚಿಸುವ ಅಕ್ಷರಗಳಿವೆ. ಆದರೆ ಸೀಸರನು ಬದುಕಿರುವಾಗಲೇ ನಾಣ್ಯದ ಮೇಲೆ ತನ್ನ ಮುಖವನ್ನು ಮೂಡಿಸಿಕೊಂಡದ್ದು ಅರಸೊತ್ತಿಗೆಯ ಲಕ್ಷಣವಾಗಿ ಕಂಡಿದ್ದ ಕಾಲದಲ್ಲಿ, ಬಿಡುಗಡೆಯ ಹೆಸರೆತ್ತಿದ ಬ್ರೂಟಸನೂ ಮುಂಬದಿಯಲ್ಲಿ ತನ್ನದೇ ಮುಖವನ್ನು ಇರಿಸಿದ್ದನ್ನು ಗಮನಿಸಿದರೆ, ಗಣರಾಜ್ಯದ ಆಯುಷ್ಯ ಆಗಲೇ ಮುಗಿದಿತ್ತೆಂದು ಹೇಳಬೇಕಾಗುತ್ತದೆ.

ರೋಮ್‌ನ ಮೊದಲ ಚಕ್ರವರ್ತಿಯಾದ ಅಗಸ್ಟಸನು ಇನ್ನೂ ಜಾಣತನದಿಂದ ನಡೆದನು. ಕ್ರಿ.ಪೂ. 27ರ ಅವನ ಔರಿಯಸ್‌ನಲ್ಲಿ ನೈಲ್ ನದಿಯ ಮೊಸಳೆಯೊಂದಿಗೆ ಈಜಿಪ್ಟ್ ವಶವಾಯಿತೆಂಬ ಬರಹವಿದೆಯೇ ಹೊರತು, ಅವನೊಡನೆ ಸೆಣಸಿ ಸೋತ ರೋಮನ್ ಸೇನಾನಿ ಆಂಟನಿಯ ಸುಳಿವೇ ಇಲ್ಲ. ಅಂತರ್ಯುದ್ಧದ ರಕ್ತಪಾತವು ಹೀಗೆ ಪರದೇಶದ ಮೇಲಿನ ದಿಗ್ವಿಜಯವಾಗಿ ಮಾರ್ಪಟ್ಟಿತು. ಕ್ರಿ.ಶ. 70ರಲ್ಲಿ ಜುದೇಯದ ಜೆರುಸಲೇಮ್ ನಗರ ರೋಮನ್ ಸೇನೆಯ ವಶವಾದ ಮೇಲೆ ಚಕ್ರವರ್ತಿ ವೆಸ್ಪೇಸಿಯನ್ ಹೊರಡಿಸಿದ ನಾಣ್ಯಗಳಲ್ಲಿ ಯುದ್ಧವಿಜಯದ ಸ್ತಂಭ, ಎಂದರೆ ಸೋತವರ ಆಯುಧಗಳನ್ನು ತೂಗುಹಾಕಿದ ಕಂಬ, ಮತ್ತು ಅದರಡಿಯಲ್ಲಿ ಶೋಕಿಸುತ್ತ ಕುಳಿತ ಹೆಣ್ಣಿನ ರೂಪ ಕಾಣಿಸುತ್ತವೆ. ಇಡೀ ಜುದೇಯ ಜನಾಂಗವನ್ನು ಒಬ್ಬ ಹೆಂಗಸಿನ ಬಾಗಿದ ತಲೆಗೆ ಇಳಿಸಿದ ಈ ಬಿಂಬದ ನಿರ್ದಯತೆ ಇಂದಿಗೂ ಮನಸ್ಸನ್ನು ಕಲಕುತ್ತದೆ.

ಮೆಣಸು ಮತ್ತು ರತ್ನಗಳ ಬೆಲೆಯಾಗಿ ಸಮುದ್ರ ದಾಟಿದ ಔರಿಯಸ್‌ಗಳಿಗೆ ದಕ್ಷಿಣ ಭಾರತದಲ್ಲಿ ಬೇರೆಯೇ ಗತಿ ಕಾದಿತ್ತು. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ದೊರೆತ 501 ಚಿನ್ನದ ನಾಣ್ಯಗಳ ನಿಧಿಯಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಏಟು ಬಿದ್ದಿದೆ. ಚಿನ್ನದ ಶುದ್ಧಿಯನ್ನು ಪರೀಕ್ಷಿಸಲು ಹಾಗೆ ಮಾಡಿದರೆಂದು ಕೆಲವು ವಿದ್ವಾಂಸರೂ, ನಾಣ್ಯವಾಗಿ ಚಲಾವಣೆಯಾಗದಂತೆ ತಡೆಯಲೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ, ಇಂದಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ, ರೋಮ್ ಸಾಮ್ರಾಜ್ಯದ ಕೊನೆಯ ಶತಮಾನಗಳ ‘ಸಾಲಿಡಸ್’ ಎಂಬ ಚಿನ್ನದ ನಾಣ್ಯಗಳಲ್ಲಿ ಅರಸನ ತಲೆಯ ಮೇಲ್ಗಡೆ ಜೋಡಿ ರಂಧ್ರಗಳಿದ್ದು, ದಾರಕ್ಕೆ ಪೋಣಿಸಿ ತೊಟ್ಟಾಗ ಮುಖ ನೆಟ್ಟಗೆ ಕಾಣುವಂತೆ ಅವುಗಳನ್ನು ಕೊರೆಯಲಾಗಿದೆ.