ಕಾಣದ ಅಂಗಡಿಯವನನ್ನು ಜನ ನಂಬಿದ್ದು ಹೇಗೆ?



ವೆಬ್‌ಸೈಟ್‌ನಲ್ಲಿ ಸರಕು ಮಾರುವವರಿಗೆಲ್ಲ ಒಂದು ತಲೆನೋವು ಇದ್ದೇ ಇದೆ. ಗಿರಾಕಿ ಎದುರಿಗೆ ಇಲ್ಲ. ಅವನು ಸೀರೆ ಮುಟ್ಟಿ ನೋಡೋ ಹಾಗಿಲ್ಲ, ಚಟ್ನಿಪುಡಿ ನಾಲಿಗೆ ಮೇಲೆ ಇಟ್ಟು ನೋಡೋ ಹಾಗಿಲ್ಲ. ಇರೋದು ನಾಲ್ಕು ಸಾಲು ಬರಹ, ಎರಡು ಫೋಟೋ. ಅಷ್ಟನ್ನೇ ನಂಬಿ ದುಡ್ಡು ಕಳಿಸಬೇಕು. ಇದು ಇಂಟರ್ನೆಟ್ ತಂದ ಸಮಸ್ಯೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಇದಕ್ಕೆ ಸುಮಾರು 150 ವರ್ಷದ ಹಿನ್ನೆಲೆ ಇದೆ.

ಮೊದಲು ಶಿಕಾಗೋಗೆ ಹೋಗೋಣ. ಏರನ್ ಮಾಂಟ್ಗೊಮರಿ ವಾರ್ಡ್ ಅನ್ನೋನು ಊರೂರು ತಿರುಗಿ ಸರಕು ಮಾರುತ್ತಿದ್ದವನು. ಹಳ್ಳಿಯ ರೈತರು ಒಂದೇ ಅಂಗಡಿಗೆ ಕಟ್ಟುಬಿದ್ದು, ಆತ ಹೇಳಿದ ಬೆಲೆಗೆ ಸಾಲದಲ್ಲಿ ಕೊಳ್ಳೋದನ್ನು ಕಣ್ಣಾರೆ ಕಂಡಿದ್ದ. 1871ರ ಶಿಕಾಗೋ ಬೆಂಕಿ ಅನಾಹುತದಲ್ಲಿ ಅವನು ಕೂಡಿಟ್ಟ ಸರಕೆಲ್ಲ ಸುಟ್ಟುಹೋಯಿತು. ಆದರೂ ಬಿಡದೆ 1872ರಲ್ಲಿ 163 ವಸ್ತುಗಳ ಒಂದೇ ಹಾಳೆಯ ಬೆಲೆಪಟ್ಟಿ ಅಚ್ಚು ಹಾಕಿಸಿ, ಅಂಚೆಯಲ್ಲಿ ರೈತರಿಗೆ ಕಳಿಸಿದ.

ಬೆಲೆ ಎಷ್ಟು ಕಮ್ಮಿ ಇತ್ತು ಅಂದರೆ ಜನಕ್ಕೆ ಅನುಮಾನ ಬಂತು. 1873ರಲ್ಲಿ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆ ಇದೆಲ್ಲ ಮೋಸ ಅಂತಲೇ ಬರೆಯಿತು, ಆಮೇಲೆ ಆ ಮಾತನ್ನು ಹಿಂದಕ್ಕೆ ತಗೊಂಡಿತು. ವಾರ್ಡ್ ಮಾಡಿದ್ದು ಏನು? ದಲ್ಲಾಳಿಗಳನ್ನು ಬಿಟ್ಟು ನಗದು ಕೊಟ್ಟು ಕೊಳ್ಳುತ್ತೇನೆ, ಅದಕ್ಕೇ ಅಗ್ಗ ಅಂತ ಕಾರಣ ಬಿಡಿಸಿ ಹೇಳಿದ. 1875ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಕು ಹಿಡಿಸದಿದ್ದರೆ ಹಣ ವಾಪಸ್ ಅಂತ ಬರೆದುಕೊಟ್ಟ. 1895ರ ಹೊತ್ತಿಗೆ ಆ ಒಂದು ಹಾಳೆ 600 ಪುಟ ದಾಟಿದ ಕ್ಯಾಟಲಾಗ್ ಆಗಿತ್ತು.

ಅದೇ 1875ರಲ್ಲಿ, ಅದೇ ದೇಶದ ಮ್ಯಾಸಚೂಸೆಟ್ಸ್‌ನ ಲಿನ್ ಊರಲ್ಲಿ ಇನ್ನೊಂದು ವ್ಯಾಪಾರ ಶುರುವಾಯಿತು. ಲಿಡಿಯಾ ಪಿಂಕಮ್ ಅನ್ನೋ ಗೃಹಿಣಿ ಮನೆಯಲ್ಲೇ ಬೇರು, ಸೊಪ್ಪು ಕುದಿಸಿ ಹೆಂಗಸರ ಕಾಯಿಲೆಗೆ ಔಷಧಿ ಮಾಡಿ ಮಾರತೊಡಗಿದರು. ಬಾಟಲಿ ಮೇಲೆ ಆಕೆಯದೇ ಭಾವಚಿತ್ರ, ಅಜ್ಜಿಯಂಥ ಮುಖ. ನಿಮ್ಮ ಕಷ್ಟ ಪತ್ರ ಬರೆದು ತಿಳಿಸಿ ಅಂತ ಜಾಹೀರಾತಿನಲ್ಲಿ ಕರೆ. ಡಾಕ್ಟರ ಮುಂದೆ ಬಾಯಿಬಿಡಲು ಸಂಕೋಚಪಡುತ್ತಿದ್ದ ಹೆಂಗಸರು ಸಾವಿರಾರು ಪತ್ರ ಬರೆದರು.

ಆದರೆ ಲಿಡಿಯಾ 1883ರಲ್ಲೇ ತೀರಿಕೊಂಡಿದ್ದರು! ಜಾಹೀರಾತು ಮಾತ್ರ ಶ್ರೀಮತಿ ಪಿಂಕಮ್‌ಗೆ ಬರೆಯಿರಿ ಅನ್ನುತ್ತಲೇ ಇತ್ತು. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಸಂಪಾದಕ ಎಡ್ವರ್ಡ್ ಬಾಕ್ ಆಕೆಯ ಸಮಾಧಿಯ ಕಲ್ಲಿನ ಫೋಟೋ ಅಚ್ಚುಹಾಕಿದರು. ಆ ಔಷಧಿಯಲ್ಲಿ ಶೇಕಡಾ 18ರ ಆಸುಪಾಸು ಮದ್ಯಸಾರ ಬೇರೆ ಇತ್ತು. 1906ರ ಕಾನೂನು ಬಂದ ಮೇಲೆ ಅದನ್ನು ಲೇಬಲ್ ಮೇಲೆ ಹೇಳಲೇಬೇಕಾಯಿತು.

ಸುಳ್ಳು ಹೇಳಿದ್ದಕ್ಕೆ ಆ ವ್ಯಾಪಾರ ಮುಳುಗಿತಾ? ಇಲ್ಲ. ಅದಾದ ಮೇಲೂ ದಶಕಗಟ್ಟಲೆ ನಡೆಯಿತು. ‘ಸತ್ಯ ಹೇಳಿದರೆ ತಾನಾಗೇ ಮಾರಾಟ ಆಗುತ್ತೆ’ ಅನ್ನೋ ಉಪದೇಶವನ್ನು ಇತಿಹಾಸ ಪೂರ್ತಿ ಒಪ್ಪೋದಿಲ್ಲ. ಎರಡೂ ಬರಹ ಜನರನ್ನು ಒಪ್ಪಿಸಿದವು. ನನಗೆ ಕಾಣೋ ವ್ಯತ್ಯಾಸ ಒಂದೇ: ಮಾತು ಸುಳ್ಳಾದರೆ ನಷ್ಟ ಯಾರಿಗೆ? ವಾರ್ಡ್‌ನ ಮಾತು ಸುಳ್ಳಾದರೆ ನಷ್ಟ ವಾರ್ಡ್‌ಗೆ. ಪಿಂಕಮ್ ಜಾಹೀರಾತು ಸುಳ್ಳಾದರೆ ನಷ್ಟ ಕಾಯಿಲೆಯವಳಿಗೆ.

ನಮ್ಮ ದೇಶದಲ್ಲೂ ಈ ಲೆಕ್ಕಾಚಾರ ಬೇಗ ಬಂತು. 1877ರಲ್ಲೇ ಅಂಚೆ ಇಲಾಖೆ ವಿ.ಪಿ.ಪಿ. ಶುರುಮಾಡಿತು. ಪಾರ್ಸೆಲ್ ಬಾಗಿಲಿಗೆ ಬಂದ ಮೇಲೆ ದುಡ್ಡು. ಇವತ್ತಿನ ಕ್ಯಾಶ್ ಆನ್ ಡೆಲಿವರಿಯ ಮುತ್ತಜ್ಜ ಅನ್ನಿ. 1893ರಲ್ಲಿ ಮುಂಬೈಯಲ್ಲಿ ಅಮೃತಾಂಜನ ಶುರುಮಾಡಿದ ಕಾಶೀನಾಧುನಿ ನಾಗೇಶ್ವರರಾವ್ ಸಂಗೀತ ಕಚೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿದರು. ಮೊದಲು ಹಚ್ಚಿ ನೋಡಿ, ಆಮೇಲೆ ಕೊಳ್ಳಿ ಅನ್ನೋ ಧೈರ್ಯ ಅದು.

ಈಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಇಳಕಲ್ ಸೀರೆ, ಹಪ್ಪಳ, ಸಂಡಿಗೆ ಆನ್‌ಲೈನ್‌ನಲ್ಲಿ ಮಾರುವವರು ನಮ್ಮಲ್ಲಿ ಎಷ್ಟೋ ಜನ. ‘ಅತ್ಯುತ್ತಮ ಗುಣಮಟ್ಟ’ ಅಂತ ಎಲ್ಲರೂ ಬರೆಯುತ್ತಾರೆ, ಹಾಗೆ ಬರೆಯೋಕೆ ಖರ್ಚಿಲ್ಲ. ಅದರ ಬದಲು ಸೀರೆ ಎಷ್ಟು ಮೀಟರ್, ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕೋ, ಬಣ್ಣ ಬಿಡುತ್ತದೋ ಇಲ್ಲವೋ, ಹಿಡಿಸದಿದ್ದರೆ ಎಷ್ಟು ದಿನದೊಳಗೆ ವಾಪಸ್ ಕಳಿಸಬಹುದು, ಕೊರಿಯರ್ ಖರ್ಚು ಯಾರದು, ಇಷ್ಟು ಬರೆಯಿರಿ. ಇವೆಲ್ಲ ಸುಳ್ಳಾದರೆ ನಿಮ್ಮ ಜೇಬಿಗೇ ಕತ್ತರಿ ಬೀಳುವ ಮಾತುಗಳು. ಅದಕ್ಕೇ ಗಿರಾಕಿ ಅವನ್ನು ನಂಬುತ್ತಾನೆ.

ಇನ್ನು ಗಿರಾಕಿಯ ವೇಷ ಹಾಕಿ ನಾವೇ ನಮ್ಮ ಸರಕಿಗೆ ಹೊಗಳಿಕೆ ಬರೆದುಕೊಳ್ಳೋದು ಇದೆಯಲ್ಲ, ಅದು 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರಿಗೆ ನಿಷಿದ್ಧ. ಲಿನ್ ಊರಿನ ಆ ಸಮಾಧಿ ಕಲ್ಲಿನ ಫೋಟೋ ಒಮ್ಮೆ ನೆನಪಿಸಿಕೊಳ್ಳಿ.