ಹಿತ್ತಲ ಗಿಡವೂ ಮದ್ದೇ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಕೈಗೆಟಕುವ ವಸ್ತುವಿನ ಬೆಲೆ ನಮಗೆ ತಿಳಿಯದು ಎಂಬುದು ಅದರ ಇಂಗಿತ. ಆದರೆ ಸಿಡ್ನಿ, ಮೆಲ್ಬೋರ್ನ್ ನಗರಗಳ ಮನೆತೋಟಗಳ ಇತಿಹಾಸವನ್ನು ಅವಲೋಕಿಸಿದರೆ, ಹಿತ್ತಲ ಗಿಡವು ಕಾಡಿಗೆ ಮದ್ದೂ ಆಗಬಲ್ಲದು, ವಿಷವೂ ಆಗಬಲ್ಲದು ಎಂಬುದು ಮನವರಿಕೆಯಾಗುತ್ತದೆ.

ವಿಷದ ಕಥೆ ಕನ್ನಡಿಗರಿಗೆ ಹೊಸದಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ಆವರಿಸಿರುವ ಲಂಟಾನ ಮೂಲತಃ ಅಮೆರಿಕದ ಉಷ್ಣವಲಯದ ಸಸ್ಯ. ಹೂವಿನ ಅಂದಕ್ಕಾಗಿ ಅದನ್ನು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅದೇ ಅಂದಕ್ಕೆ ಮಾರುಹೋಗಿ 1841ರಲ್ಲಿ ಆಸ್ಟ್ರೇಲಿಯಕ್ಕೂ ತಂದರು. ಎರಡು ದಶಕಗಳೊಳಗೆ ಅದು ತೋಟದ ಬೇಲಿ ದಾಟಿ ಸಿಡ್ನಿ, ಬ್ರಿಸ್ಬೇನ್‌ಗಳ ಸುತ್ತ ತಾನಾಗಿ ಬೆಳೆಯತೊಡಗಿತು. ಹಣ್ಣು ತಿಂದ ಹಕ್ಕಿಗಳೇ ಬೀಜ ಬಿತ್ತಿದವು. ಇಂದು ಈ ದೇಶದ ಪೂರ್ವ ಭಾಗದಲ್ಲಿ 40 ಲಕ್ಷ ಹೆಕ್ಟೇರಿಗೂ ಮಿಗಿಲಾದ ನೆಲ ಅದರ ಪಾಲಾಗಿದೆ.

ಮದ್ದಿನ ಕಥೆಯೂ ಹಿತ್ತಲಿನಿಂದಲೇ ಆರಂಭವಾಯಿತು. ಗುಲಾಬಿ, ಹುಲ್ಲುಹಾಸುಗಳ ಇಂಗ್ಲಿಷ್ ತೋಟವೇ ಆದರ್ಶವಾಗಿದ್ದ ಕಾಲದಲ್ಲಿ, 1957ರಲ್ಲಿ, ಆರ್ಥರ್ ಸ್ವಾಬಿಯವರ ಪ್ರೇರಣೆಯಿಂದ ಮೆಲ್ಬೋರ್ನ್‌ನಲ್ಲಿ ಆಸ್ಟ್ರೇಲಿಯದ ಸಸ್ಯಗಳನ್ನು ಬೆಳೆಸುವವರ ಸಂಘವೊಂದು ಹುಟ್ಟಿತು. ಬೆಳೆಸುವುದರ ಮೂಲಕ ಉಳಿಸುವುದು ಅದರ ಧ್ಯೇಯವಾಗಿತ್ತು. 1960ರ ದಶಕದಲ್ಲಿ ಸಿಡ್ನಿಯ ಮಾಸ್ಮನ್ ಬಡಾವಣೆಯ ಸಹೋದರಿಯರಾದ ಜೋನ್ ಮತ್ತು ಐಲೀನ್ ಬ್ರಾಡ್ಲಿ ತಮ್ಮ ನೆರೆಯ ಕುರುಚಲು ಕಾಡಿನಲ್ಲಿ ಕಳೆ ಕೀಳಲು ತೊಡಗಿದರು. ಕಾಡು ಚೆನ್ನಾಗಿರುವ ಕಡೆಯಿಂದ ಆರಂಭಿಸಿ, ಮಣ್ಣನ್ನು ಆದಷ್ಟು ಕದಡದೆ, ಕೆಟ್ಟ ಕಡೆಗೆ ನಿಧಾನವಾಗಿ ಸಾಗುವುದು ಅವರ ಕ್ರಮ. ತೆರವಾದ ಜಾಗವನ್ನು ಸ್ಥಳೀಯ ಸಸ್ಯಗಳೇ ಮರಳಿ ತುಂಬುತ್ತಿದ್ದವು.

ಮೂರನೆಯ ನಿದರ್ಶನ ವೊಲೆಮೈ ಪೈನ್. 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನ ಅಧಿಕಾರಿ ಸಿಡ್ನಿಯ ವಾಯವ್ಯದ ಕಣಿವೆಯೊಂದರಲ್ಲಿ ಈ ಮರವನ್ನು ಕಂಡರು. ಅದರ ಸಮೀಪ ಬಂಧುಗಳು ಅದುವರೆಗೆ ಪಳೆಯುಳಿಕೆಗಳಲ್ಲಿ ಮಾತ್ರ ಪರಿಚಿತವಾಗಿದ್ದವು. ಕಾಡಿನಲ್ಲಿರುವ ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಅವುಗಳ ನೆಲೆಯನ್ನು ಗುಟ್ಟಾಗಿಟ್ಟು, ಸಸಿಗಳನ್ನು ಬೆಳೆಸಿ, 2006ರಿಂದ ಸಾರ್ವಜನಿಕರಿಗೆ ಮಾರಲಾಯಿತು. 2019-20ರ ಕಾಡ್ಗಿಚ್ಚು ಆ ಕಣಿವೆಗೂ ನುಗ್ಗಿದಾಗ ಅಗ್ನಿಶಾಮಕರು ಹರಸಾಹಸದಿಂದ ಮರಗಳನ್ನು ಉಳಿಸಿದರು. ಒಂದು ವೇಳೆ ಅವು ಸುಟ್ಟುಹೋಗಿದ್ದರೂ ಸಂತತಿ ಅಳಿಯುತ್ತಿರಲಿಲ್ಲ. ಅದು ಆ ವೇಳೆಗೆ ಅನೇಕ ಮನೆಗಳ ಅಂಗಳ, ಕುಂಡಗಳಲ್ಲಿ ಬೇರೂರಿತ್ತು.

ಈ ಇತಿಹಾಸದಲ್ಲಿ ನಮ್ಮ ಪಾತ್ರವೇನು? ನಮಗೆ ಒಗ್ಗರಣೆಗೆ ಕರಿಬೇವು ಬೇಕು. ಆದರೆ ಕ್ವೀನ್ಸ್‌ಲ್ಯಾಂಡಿನ ಬೆಚ್ಚನೆಯ ಹವೆಯಲ್ಲಿ ಅದೂ ಹಕ್ಕಿಗಳ ಮೂಲಕ ಹರಡಿ ಕಳೆಯಾಗುತ್ತಿದೆ. ನಿಂಬೆ, ಕಿತ್ತಳೆಗಳಿಗೆ ಮಾರಕವಾದ ರೋಗವನ್ನು ಹರಡುವ ಕೀಟವೊಂದು ಕರಿಬೇವನ್ನೂ ಆಶ್ರಯಿಸುತ್ತದೆ. ಊರಿನ ನೆನಪಿಗೆಂದು ಪೆಟ್ಟಿಗೆಯಲ್ಲಿ ಅಡಗಿಸಿ ತಂದ ಒಂದು ಸಸಿಯಿಂದ ಎಂತಹ ಅನರ್ಥವಾದೀತೆಂಬುದಕ್ಕೆ ಲಂಟಾನವೇ ಸಾಕ್ಷಿ.

ಆದ್ದರಿಂದ ಕರಿಬೇವನ್ನು ಇಲ್ಲಿನ ನರ್ಸರಿಯಿಂದಲೇ ಕೊಳ್ಳೋಣ. ಕುಂಡದಲ್ಲಿ ಬೆಳೆಸಿ, ಹಣ್ಣಾಗುವ ಮುನ್ನ ಕಾಯಿಗೊಂಚಲನ್ನು ಕತ್ತರಿಸೋಣ. ಅದರ ಪಕ್ಕದಲ್ಲೇ ಈ ನೆಲದ ಬ್ಯಾಂಕ್ಸಿಯ, ಗ್ರೆವಿಲಿಯಗಳಿಗೂ ಎಡೆಗೊಡೋಣ. ಗ್ರೆವಿಲಿಯ ನಮಗೆ ಪರಕೀಯವೇನೂ ಅಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳು ನೀಡಿ, ಮೆಣಸಿನ ಬಳ್ಳಿಗೆ ಆಸರೆಯಾಗಿರುವ ಸಿಲ್ವರ್ ಓಕ್ ಅದೇ ಕುಲದ್ದು. ಅದರ ತವರು ಆಸ್ಟ್ರೇಲಿಯ. ಆ ಮರ ನಮ್ಮ ತವರಿನಲ್ಲಿ ಉಪಕಾರಿಯಾಗಿ ಬಾಳುತ್ತಿದೆ. ಅದರ ತವರಿನಲ್ಲಿ ನಾವೂ ಹಾಗೆಯೇ ಬಾಳುವುದು ಉಚಿತವಲ್ಲವೆ?